ಭೀಮೆಯಲ್ಲಿ ಹುಟ್ಟು ಹಾಕಿದ್ದಕ್ಕಿಂತ ಹೊತ್ತದ್ದೇ ಜಾಸ್ತಿ

ಭೀಮಾ ನದಿಯಲ್ಲಿ ದೋಣಿ ಪ್ರಯಾಣ ಅಂದ ಕೂಡಲೇ ಕಲಬುರಗಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು. "ನೀರೆಲ್ಲಿ ಅದರೀ?" ಕೇಳುವುದರಲ್ಲಿ ತಪ್ಪಿಲ್ಲ. ಬೇಸಿಗೆಯಲ್ಲಿ ಕಟ್ಟಿಸಂಗಾವಿ ಸೇತುವೆ ಮೇಲಿಂದ ನೋಡಿದವರಿಗೆ ಕಾಣುವುದು ಉಸುಕು, ಬಂಡೆ, ಅಲ್ಲೊಂದು ಇಲ್ಲೊಂದು ಮಡು. ಮಳೆಗಾಲದಲ್ಲಿ ನೋಡಿದವರಿಗೆ ಕೆಸರು ನೀರಿನ ಸೆಳವು. ಸಣ್ಣ ದೋಣಿಗೆ ಎರಡೂ ಆಗಿಬರುವುದಿಲ್ಲ. ಆದರೆ ನಡುವೆ ಒಂದು ಕಾಲ ಇದೆ. ಮಳೆ ನಿಂತು, ನದಿಗೆ ಅಡ್ಡ ಕಟ್ಟಿದ ಬ್ಯಾರೇಜುಗಳ ಗೇಟು ಹಾಕಿದ ಮೇಲೆ ನೀರು ನಿಲ್ಲುತ್ತದೆ. ಚಳಿಗಾಲದಲ್ಲಿ ಭೀಮೆ ಹರಿಯುವ ನದಿಯಲ್ಲ, ಸಾಲು ಕೆರೆ. ಒಂದು ಹಿನ್ನೀರು ಮುಗಿದಲ್ಲಿ ಗೋಡೆ. ಗೋಡೆ ಕೆಳಗೆ ಬಂಡೆ. ಬಂಡೆ ದಾಟಿದರೆ ಮಡು. ಮತ್ತೆ ಬಂಡೆ.

ಇಂಥ ಕಡೆ ದೋಣಿ ನಡೆಸಲು ಬಂದರೆ ಸಾಲದು. ಹೊರಲು ಬರಬೇಕು.

ನಾನು ಇದನ್ನು ಕಲಿತದ್ದು ಇಲ್ಲಲ್ಲ. ಕೆಲಸಕ್ಕೆಂದು ಅಮೆರಿಕದ ಮಿನೆಸೋಟಾದಲ್ಲಿದ್ದಾಗ ಕೆನಡಾ ಗಡಿಗೆ ಹತ್ತಿಕೊಂಡಿರುವ ಬೌಂಡರಿ ವಾಟರ್ಸ್ ಕಾಡಿಗೆ ಹೋಗುತ್ತಿದ್ದೆ. ಅಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬಹುಪಾಲು ಕೆರೆಗಳಲ್ಲಿ ಮೋಟಾರು ಬಿಡುವುದಿಲ್ಲ, ರಸ್ತೆಯಂತೂ ಇಲ್ಲವೇ ಇಲ್ಲ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕೆನೂ ಅನ್ನುವ ಉದ್ದನೆಯ ಹಗುರ ದೋಣಿಯನ್ನು ಹೊತ್ತುಕೊಂಡು ಕಾಡು ಹಾದಿಯಲ್ಲಿ ನಡೆಯಬೇಕು. ಆ ಹಾದಿಗೆ ಪೋರ್ಟೇಜ್ ಅನ್ನುತ್ತಾರೆ. ನಕ್ಷೆಯಲ್ಲಿ ಅದರ ಉದ್ದ ಬರೆಯುವುದು ರಾಡ್ ಲೆಕ್ಕದಲ್ಲಿ. ಒಂದು ರಾಡ್ 16.5 ಅಡಿ, ಹೆಚ್ಚುಕಮ್ಮಿ ಒಂದು ಕೆನೂ ಉದ್ದ. 320 ರಾಡ್ ಆದರೆ ಒಂದು ಮೈಲಿ. ಹಿಂದೆ ತುಪ್ಪಳದ ವ್ಯಾಪಾರಕ್ಕೆ ದುಡಿಯುತ್ತಿದ್ದ ಫ್ರೆಂಚ್ ದೋಣಿಗಾರರು ಇದೇ ಹಾದಿಗಳಲ್ಲಿ ಹಣೆಗೆ ಚರ್ಮದ ಪಟ್ಟಿ ಕೊಟ್ಟು, 90 ಪೌಂಡಿನ ಎರಡೆರಡು ಕಟ್ಟು ಹೊರುತ್ತಿದ್ದರು. ಅಂದರೆ ಹೆಚ್ಚುಕಮ್ಮಿ 80 ಕಿಲೋ. ನಮ್ಮ ಗಂಜ್ ಹಮಾಲರಿಗೆ ಇದು ದೊಡ್ಡ ಸುದ್ದಿಯಲ್ಲ ಬಿಡಿ.

ಊರಿಗೆ ವಾಪಸ್ ಬಂದ ಮೇಲೆ ಅಂಥದೇ ದೋಣಿ ಬೇಕೆನಿಸಿತು. ಅಲ್ಲಿನ ಕೆವ್ಲಾರ್ ಅನ್ನುವ ಹಗುರ ನಾರಿನ ಕೆನೂಗಳು 20 ಕಿಲೋ ಆಸುಪಾಸಿನಲ್ಲಿರುತ್ತವೆ. ನನಗೆ ಸಿಕ್ಕಿದ್ದು ಫೈಬರ್‌ನದು. ಇಬ್ಬರು ಕೂರುವಷ್ಟು ಉದ್ದ, ತೂಕ 30 ಕಿಲೋ ದಾಟುತ್ತದೆ. ನಡುವಿನ ಅಡ್ಡಹಲಗೆಯನ್ನು ಬಡಿಗನ ಹತ್ತಿರ ಬಿಚ್ಚಿಸಿ, ಹೆಗಲು ಕೂರುವ ಹಾಗೆ ಎರಡು ಕಡೆ ಕೊರೆಸಿದೆ. ಅದಕ್ಕೆ ಹಳೆ ಕೌದಿಯ ತುಂಡು ಸುತ್ತಿ ಬಿಗಿಯಾಗಿ ಹೊಲಿದಿದ್ದೇನೆ. ಫೋಮ್ ಹಾಕಿ ನೋಡಿದ್ದೆ. ಬೆವರಿಗೆ ಜಾರುತ್ತದೆ. ಕೌದಿ ಜಾರುವುದಿಲ್ಲ.

ಈ ಸಲ ಹೋದದ್ದು ಸನ್ನತಿ ಬ್ಯಾರೇಜ್ ಹಿನ್ನೀರಿಗೆ, ಅಲ್ಲಿಂದ ಕೆಳಗಿನ ಮಡುಗಳಿಗೆ. ಎಳ್ಳಮಾವಾಸ್ಯೆ ಮರುದಿನ. ಜೊತೆಗೆ ಅಕ್ಕನ ಮಗ. ಅವನಿಗೆ ಈಜು ಚೆನ್ನಾಗಿ ಬರುತ್ತದೆ, ಬೆಳಗ್ಗೆ ಏಳುವುದು ಬರುವುದಿಲ್ಲ.

ಹೊರಡುವ ಮೊದಲು ಮಾಡಲೇಬೇಕಾದ ಒಂದು ಕೆಲಸ ಇದೆ. ಮೇಲಿಂದ ನೀರು ಬಿಟ್ಟಿದ್ದಾರಾ ಅಂತ ಕೇಳುವುದು. ಭೀಮೆಗೆ ನೀರು ಬರುವುದು ಮಹಾರಾಷ್ಟ್ರದಿಂದ. ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ ಬಿಟ್ಟರೆ ಅಫಜಲಪುರದ ಸೊನ್ನ ಬ್ಯಾರೇಜಿಗೆ ಬರುತ್ತದೆ. ಸೊನ್ನದಲ್ಲಿ ಗೇಟು ಎತ್ತಿದರೆ ಕೆಳಗಿನ ಎಲ್ಲಾ ಬ್ಯಾರೇಜುಗಳಲ್ಲಿ ಎತ್ತಬೇಕಾಗುತ್ತದೆ. ಇಲ್ಲಿ ಬಿಸಿಲು ಸುಡುತ್ತಿದ್ದರೂ ನದಿ ಏರಬಹುದು. 2020ರ ಅಕ್ಟೋಬರ್‌ನಲ್ಲಿ ಬಂದ ಪ್ರವಾಹ ದಂಡೆಯ ಊರುಗಳಿಗೆ ಇನ್ನೂ ನೆನಪಿದೆ. ಚಳಿಗಾಲದಲ್ಲಿ ಅಂಥದ್ದು ಆಗುವುದು ಕಮ್ಮಿ. ಆದರೂ ಹಿಂದಿನ ಸಂಜೆ ಫೋನ್ ಮಾಡಿ ಕೇಳಿಯೇ ಮಲಗುತ್ತೇನೆ. ಬ್ಯಾರೇಜ್ ಕಾಯುವವರಿಗೂ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೆ. ಸುಮ್ನೆ ದೋಣಿ ಇಳಿಸಿದರೆ ಉಸುಕಿನವರೋ ಮೀನಿನವರೋ ಅಂತ ಅನುಮಾನ ಬರುತ್ತದೆ. ಎರಡೂ ಬೇಡ.

ಹೊರೆ ಕಟ್ಟುವುದರಲ್ಲೇ ಅರ್ಧ ದಿನದ ಹಣೆಬರಹ ತೀರ್ಮಾನವಾಗಿರುತ್ತದೆ. ನನ್ನ ಲೆಕ್ಕ ಇಷ್ಟೇ. ದೋಣಿ ಒಬ್ಬ ಹೊರುತ್ತಾನೆ, ಉಳಿದದ್ದೆಲ್ಲಾ ಇನ್ನೊಬ್ಬನ ಬೆನ್ನಿಗೆ ಒಂದೇ ಸಲ ಬರಬೇಕು. ಬರದೇ ಹೋದರೆ ವಾಪಸ್ ಹೋಗಿ ಎರಡನೇ ಸಲ ತರಬೇಕು. ಆಗ ಅರ್ಧ ಕಿಲೋಮೀಟರ್ ಹಾದಿಗೆ ಒಂದೂವರೆ ಕಿಲೋಮೀಟರ್ ನಡೆದಂತಾಯಿತು. ಹೋಗಿ, ಬಂದು, ಮತ್ತೆ ಹೋಗಿ. ಅದಕ್ಕೇ ಒಂದೇ ಬೆನ್ನುಚೀಲ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಅದರ ಬಾಯಿ ತಿರುಚಿ ಮಡಿಸಿ ದಾರ ಕಟ್ಟಿದ್ದು. ಕೈಯಲ್ಲಿ ಹಿಡಿಯುವ ಸಾಮಾನು ಒಂದೂ ಇರಬಾರದು. ಅಳಿಯ ಸ್ಪೀಕರ್ ತಂದಿದ್ದ, ಮಡಿಸುವ ಕುರ್ಚಿ ತಂದಿದ್ದ. ಎರಡನ್ನೂ ನಾವು ಬಂದ ಟಂಟಂ ಗಾಡಿಯಲ್ಲೇ ಬಿಡಿಸಿದೆ. ಹುಟ್ಟುಗಳನ್ನು ದೋಣಿಯೊಳಗೇ ಅಡ್ಡಹಲಗೆಗೆ ಕಟ್ಟುತ್ತೇವೆ. ಎರಡು ಹುಟ್ಟಿನ ಜೊತೆ ಇನ್ನೊಂದು ಇರಲೇಬೇಕು. ಬಂಡೆಗೆ ಬಡಿದು ಮುರಿದರೆ ನಡು ಮಡುವಿನಲ್ಲಿ ಕೈಯಿಂದ ನೀರು ತಳ್ಳಲು ಆಗುವುದಿಲ್ಲ. ಮೊಸಳೆ ಇರುವ ನದಿಯಲ್ಲಂತೂ ಕೈ ಇಳಿಸಲೇಬಾರದು.

ಬುತ್ತಿಯ ಚಿಂತೆ ಇರಲಿಲ್ಲ. ಹಬ್ಬದ ಮನೆ. ಸೊಪ್ಪು ಕಾಳು ಹಾಕಿ ಮಾಡುವ ಹಬ್ಬದ ಭಜ್ಜಿ ಒಯ್ಯಲಿಲ್ಲ, ಬಿಸಿಲಿಗೆ ಹಳಸುತ್ತದೆ. ಎಳ್ಳು ಹಚ್ಚಿದ ಕಟಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ನಾಲ್ಕು ಶೇಂಗಾ ಹೋಳಿಗೆ. ಒಲೆ ಬೇಡ, ಪಾತ್ರೆ ಬೇಡ. ಮಿನೆಸೋಟಾದಲ್ಲಿ ಒಣಗಿಸಿದ ಊಟದ ಪೊಟ್ಟಣಕ್ಕೆ ಡಾಲರ್ ಸುರಿದು, ಬಿಸಿನೀರು ಹಾಕಿ ಕಾಯುತ್ತಿದ್ದೆವು. ಕಟಿ ರೊಟ್ಟಿಯ ಮುಂದೆ ಅದು ಏನೂ ಅಲ್ಲ. ಭಾರ ಎಲ್ಲಾ ಕುಡಿಯುವ ನೀರಿನದೇ. ಅಲ್ಲಿ ಕೆರೆಯ ನೀರನ್ನೇ ಸೋಸಿ ಕುಡಿಯಬಹುದು. ಇಲ್ಲಿ ಊರು, ಹೊಲ, ಕಾರ್ಖಾನೆ ದಾಟಿ ಬಂದ ನೀರನ್ನು ಸೋಸುವ ಧೈರ್ಯ ನನಗಿಲ್ಲ. ತಲಾ ನಾಲ್ಕು ಲೀಟರ್ ಹೊತ್ತೆವು.

ಹೊತ್ತು ಮೂಡುವ ಮೊದಲೇ ದೋಣಿ ನೀರಿಗಿಳಿಯಿತು. ಹಿನ್ನೀರಿನಲ್ಲಿ ಬೆಳಗಿನ ಹೊತ್ತು ಗಾಳಿ ಇರುವುದಿಲ್ಲ. ಈ ಎರಡು ಮೂರು ತಾಸು ಬಂಗಾರ. ಮುಂದೆ ಕೂತವನು ಒಂದೇ ಲಯದಲ್ಲಿ ಎಳೆಯುತ್ತಾ ಹೋಗಬೇಕು, ಹಿಂದಿನವನು ದಿಕ್ಕು ನೋಡಿಕೊಳ್ಳಬೇಕು. ಹಿಂದಿನವನು ಬಲಕ್ಕೆ ಎಳೆದರೆ ದೋಣಿ ಎಡಕ್ಕೆ ತಿರುಗುತ್ತದೆ. ಅದಕ್ಕೆ ಪ್ರತಿ ಸಲ ಎಳೆತದ ಕೊನೆಗೆ ಹುಟ್ಟಿನ ಅಲಗನ್ನು ಹೊರಗೆ ತಿರುವಿ ಸ್ವಲ್ಪ ತಳ್ಳಬೇಕು. ಹೆಬ್ಬೆರಳು ಕೆಳಗೆ ನೋಡುವ ಹಾಗೆ ಮಣಿಕಟ್ಟು ತಿರುಗಿದರೆ ಸರಿಯಾಗಿ ಬಂತು ಅಂತ ಅರ್ಥ. ಇದು ಬಾರದವರು ಎಡಕ್ಕೆರಡು ಬಲಕ್ಕೆರಡು ಬದಲಾಯಿಸುತ್ತಾ, ಮುಂದಿನವನ ಬೆನ್ನಿಗೆ ನೀರು ಚಿಮುಕಿಸುತ್ತಾ ಹೋಗುತ್ತಾರೆ. ಡಿಸೆಂಬರ್ ಬೆಳಗಿನಲ್ಲಿ ಅದರಿಂದ ಸಂಬಂಧ ಕೆಡುತ್ತದೆ.

ಎಡ ದಂಡೆ ನಮ್ಮ ಚಿತ್ತಾಪುರ ತಾಲೂಕು. ಆಚೆ ದಂಡೆ ಯಾದಗಿರಿ ಜಿಲ್ಲೆ. ಎರಡೂ ಕಡೆ ಪಂಪ್‌ಸೆಟ್ಟುಗಳ ಪೈಪು ನೀರಿಗೆ ಇಳಿದಿರುತ್ತವೆ. ದಂಡೆ ಹಿಡಿದು ಹೋಗುವವರು ಇವುಗಳಿಂದ ದೂರ ಇರಬೇಕು. ಪೈಪಿನ ಜೊತೆ ಕರೆಂಟಿನ ವೈರೂ ಇರುತ್ತದೆ. ಜೋಡಿಸಿದ ಕಡೆ ಬರೀ ಟೇಪು ಸುತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ನನಗೆ ಮೊಸಳೆಗಿಂತ ಇವುಗಳ ಹೆದರಿಕೆ ಜಾಸ್ತಿ. ಬಲೆಗಳೂ ಇವೆ. ಥರ್ಮಾಕೋಲ್ ತುಂಡೋ ಖಾಲಿ ಬಾಟ್ಲಿಯೋ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಅಂತಲೇ ಲೆಕ್ಕ. ಸಾಲಿನ ಕೊನೆಯವರೆಗೆ ಹೋಗಿ ಸುತ್ತು ಹಾಕುವುದೇ ಸರಿ. ಅದು ಒಬ್ಬರ ಅಂದಿನ ದುಡಿಮೆ.

ಮೊಸಳೆ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಒಂದು ಉಸುಕಿನ ದಿಬ್ಬದ ಹತ್ತಿರ ಹೋದಾಗ ಅಳಿಯ ಹುಟ್ಟು ನಿಲ್ಲಿಸಿದ. ಹಸಿ ಉಸುಕಿನಲ್ಲಿ ನೀರಿನಿಂದ ಮೇಲಕ್ಕೆ ಒಂದು ಅಂಕುಡೊಂಕು ಗೆರೆ. ಬಾಲ ಎಳೆದದ್ದು. ಗೆರೆಯ ಎರಡೂ ಬದಿ ಬೆರಳು ಅಗಲಿಸಿದ ಹೆಜ್ಜೆ. ಗೆರೆಯ ಅಂಚು ಇನ್ನೂ ಚೂಪಾಗಿತ್ತು, ಉಸುಕು ಒಣಗಿ ಉದುರಿರಲಿಲ್ಲ. "ಮಾಮಾ, ಇದು ಇವತ್ತಿಂದೇ" ಅಂದ. ನಾವು ನದಿಯ ಆಚೆ ಬದಿಗೆ ಹೋಗಿ ಮುಂದೆ ಸಾಗಿದೆವು. ಚಳಿಗಾಲದಲ್ಲಿ ಅವು ಬಿಸಿಲು ಕಾಯಲು ದಿಬ್ಬಕ್ಕೆ ಬರುತ್ತವೆ. ಅವಕ್ಕೂ ನೀರಿಗೂ ನಡುವೆ ನಾವು ಹೋಗಬಾರದು, ಅಷ್ಟೇ. ದಿಬ್ಬದ ಮೇಲೆ ಊಟಕ್ಕೆ ಇಳಿಯುವುದಿಲ್ಲ. ಸಂಜೆ ಆದ ಮೇಲೆ ನೀರಿನಲ್ಲಿ ಇರುವುದಿಲ್ಲ. ಮೀನು ಕೊಯ್ದು ತೊಳೆಯುವ ಜಾಗದಲ್ಲಿ ದೋಣಿ ಹಚ್ಚುವುದಿಲ್ಲ. ಬೇಸಿಗೆ ಮೊಟ್ಟೆ ಕಾಯುವ ಕಾಲ, ಆಗ ಆ ಕಡೆ ಸುಳಿಯುವುದೇ ಇಲ್ಲ.

ಹಕ್ಕಿಗಳನ್ನು ಬೇಕಾದಷ್ಟು ನೋಡಿದೆವು. ನೀರುಕಾಗೆ, ಮಿಂಚುಳ್ಳಿ, ದೂರದಲ್ಲಿ ಹೆಬ್ಬಾತುಗಳ ಹಿಂಡು. ಸನ್ನತಿಯ ಹತ್ತಿರ ಬಂದಾಗ ಅಳಿಯ ಅಲ್ಲಿನ ಗುಡಿಯ ದೇವಿ ಚಂದ್ರಲಾಂಬೆಗೆ ಕೂತಲ್ಲಿಂದಲೇ ಕೈಮುಗಿದ. ಅದೇ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನದ ಕಲ್ಲು ಹೊರಬಿತ್ತು. ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಹೆಸರು ಬ್ರಾಹ್ಮಿಯಲ್ಲಿ ಕೊರೆದ ಅವನ ಶಿಲ್ಪವೇ ಇದೆ. ಆ ಶಿಲ್ಪಗಳ ಕಲ್ಲು ಈ ನೆಲದ್ದೇ ಸುಣ್ಣಕಲ್ಲು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯ ಬಳಗ. ಮುಂದೆ ಮಧ್ಯಾಹ್ನ ನನ್ನ ಕಾಲ ಕೆಳಗೆ ಬಂದದ್ದೂ ಅದೇ ಕಲ್ಲು.

ಬ್ಯಾರೇಜ್ ಕಾಣಿಸಿದ ಮೇಲೆ ಇನ್ನಷ್ಟು ಹತ್ತಿರ ಹೋಗಿ ಇಳಿಯೋಣ ಅನ್ನುವ ಆಸೆ ಬರುತ್ತದೆ. ಹೊರುವ ದೂರ ಕಮ್ಮಿಯಾಗುತ್ತದಲ್ಲ. ಆ ಆಸೆಯನ್ನು ಕೊಂದುಬಿಡಬೇಕು. ಒಂದು ಗೇಟು ಅರ್ಧ ಅಡಿ ಎತ್ತಿದ್ದರೂ ಮೇಲೆ ನೀರು ನಿಂತಂತೆಯೇ ಕಾಣುತ್ತದೆ, ಒಳಗೆ ಎಳೆಯುತ್ತಿರುತ್ತದೆ. ನಾನು ಮೊದಲೇ ದಂಡೆಯ ಮೇಲೆ ನಡೆದು, ಗೋಡೆಯಿಂದ ಸಾಕಷ್ಟು ಹಿಂದೆ ಇರುವ ಒಂದು ಬೇವಿನ ಮರವನ್ನು ಗುರುತು ಮಾಡಿಟ್ಟಿದ್ದೆ. ಅಲ್ಲಿ ಇಳಿಯುವುದು ಅಂದರೆ ಅಲ್ಲೇ. ಗೋಡೆಯ ಕೆಳಗೂ ಹಾಗೇ. ಬೀಳುವ ನೀರು ತಿರುಗಿ ಗೋಡೆ ಕಡೆಗೇ ಎಳೆಯುತ್ತದೆ. ಅದರೊಳಗೆ ಸಿಕ್ಕ ಮರದ ತುಂಡು ಗಂಟೆಗಟ್ಟಲೆ ಅಲ್ಲೇ ಸುತ್ತುತ್ತಿರುತ್ತದೆ. ನೊರೆ ಪೂರ್ತಿ ಮುಗಿದ ಮೇಲೆ, ಇನ್ನೂ ಮುಂದೆ ಹೋಗಿ ದೋಣಿ ಇಳಿಸಬೇಕು. ಹೀಗೆ ಮೇಲೆ ಕೆಳಗೆ ಸೇರಿ ಹೊರುವ ಹಾದಿ ಚೆನ್ನಾಗೇ ಉದ್ದವಾಯಿತು.

ದೋಣಿ ಎತ್ತುವುದಕ್ಕೆ ಬಲಕ್ಕಿಂತ ಕ್ರಮ ಮುಖ್ಯ. ದೋಣಿಯ ಪಕ್ಕ, ನಡು ಅಡ್ಡಹಲಗೆಗೆ ಎದುರಾಗಿ ನಿಲ್ಲಿ. ಹತ್ತಿರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಮಡಿಸಿ, ದೋಣಿಯನ್ನು ತೊಡೆಯ ಮೇಲೆ ಎಳೆದುಕೊಳ್ಳಿ. ತಳ ನಿಮ್ಮ ಹೊಟ್ಟೆ ಕಡೆ, ಬಾಯಿ ಆಚೆ ಕಡೆ. ಈಗ ಒಂದು ಕೈ ಆಚೆ ಅಂಚಿಗೆ ಹೋಗಲಿ. ತೊಡೆಯಿಂದ ಒಂದು ಸಲ ಮೇಲಕ್ಕೆ ದೂಡಿ, ಅದೇ ಉಸಿರಿನಲ್ಲಿ ದೋಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಳ್ಳಿ. ಅಡ್ಡಹಲಗೆ ಎರಡೂ ಹೆಗಲಿಗೆ ಕೂತಾಗ ತೂಕ ಅರ್ಧ ಇಳಿದಂತೆ ಅನಿಸುತ್ತದೆ. ನಡುವೆ ತಡೆದು ಯೋಚನೆ ಮಾಡಿದರೆ ಸೊಂಟ ಹಿಡಿಯುತ್ತದೆ. ಹಿಂಭಾಗ ಚೂರು ಭಾರ ಇರುವ ಹಾಗೆ ಹಲಗೆ ಕೂರಿಸಿರಬೇಕು. ಆಗ ಮುಂದಿನ ತುದಿ ತಾನೇ ಮೇಲೇಳುತ್ತದೆ, ಹಾದಿ ಕಾಣುತ್ತದೆ. ಇಲ್ಲದಿದ್ದರೆ ನಿಮ್ಮ ಕಾಲ ಹೆಬ್ಬೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ.

ನನಗೆ ಹೆಬ್ಬೆರಳನ್ನೂ ನೋಡಬೇಕಿತ್ತು. ಹಾದಿ ತೊಗರಿ ಹೊಲದ ಮೂಲಕ. ಹೊಲದವರನ್ನು ಕೇಳಿಯೇ ಇಳಿದೆವು, ರಾಶಿ ಮಾಡುತ್ತಿದ್ದ ಅವರು "ಬದು ಹಿಡದ್ ಹೋರಿ" ಅಂದರು. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆ ಇದೆಯಲ್ಲ, ಕುಡುಗೋಲು ಓರೆಯಾಗಿ ಕತ್ತರಿಸಿದ್ದು, ಅದು ಈಟಿ. ಬರಿಗಾಲಿನಲ್ಲಿ ನೋಡಿಕೊಂಡು ಹೋಗುವವರಿಗೆ ಗೊತ್ತು. ತಲೆ ಮೇಲೆ ದೋಣಿ ಇದ್ದವನಿಗೆ ಬದುವೇ ಗತಿ. ಬದುವಿನ ತುಂಬಾ ಬಳ್ಳಾರಿ ಜಾಲಿ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ಸಲೀಸಾಗಿ ದಾಟುತ್ತದೆ. ಮಿನೆಸೋಟಾದಲ್ಲಿ ಹಾಕುತ್ತಿದ್ದ ಜಾಲರಿಯ ನೀರಿನ ಶೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ಹಾಕುವುದು ಗಟ್ಟಿ ಅಟ್ಟೆಯ ಹಳೆ ಬೂಟು. ನೀರು ಹೋಗಲೆಂದು ಪಕ್ಕದಲ್ಲಿ ತೂತು ಕೊರೆಸಿದ್ದೇನೆ.

ಬ್ಯಾರೇಜ್ ಸೇತುವೆ ಮೇಲೆ ಬೈಕುಗಳು ನಿಂತವು. ಒಬ್ಬ ಹುಡುಗ ಕೂಗಿ ಕೇಳಿದ, "ಯಾವ ದೇವರ ಪಲ್ಲಕ್ಕಿರೀ ಅದು?" ದೋಣಿಯೊಳಗಿಂದ ಉತ್ತರ ಕೊಟ್ಟರೆ ಸದ್ದು ಅಲ್ಲೇ ಗುಂಯ್ ಅನ್ನುತ್ತದೆ. ಅಳಿಯನೇ "ಜಲದೇವರು, ಕಾಯಿ ಒಡಿತೀಯೇನು?" ಅಂದ.

ಕೆಳಗಿನ ಮಡುವಿನಲ್ಲಿ ಒಬ್ಬ ಹಿರಿಯರು ಬಲೆ ಎಳೆಯುತ್ತಿದ್ದರು. ಅವರದು ದುಂಡನೆಯ ತೆಪ್ಪ. ಬಿದಿರು ಹೆಣೆದು, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಡಾಂಬರು ಬಳಿದದ್ದು. ನಮ್ಮ ದೋಣಿಯ ಸುತ್ತ ಒಂದು ಸುತ್ತು ಬಂದು ಮುಟ್ಟಿ ನೋಡಿದರು. "ಉದ್ದ ಬಾಳ್ ಆತ್ರಿ ಸಾಹೇಬ್ರ. ಬಂಡಿ ನಡುವ ತಿರುಗಂಗಿಲ್ಲ." ನಿಜ. ತೆಪ್ಪ ನಿಂತಲ್ಲೇ ಸುತ್ತುತ್ತದೆ. ಕೆನೂ ನೇರ ಓಡುವುದಕ್ಕೆ ಮಾಡಿದ್ದು. ದೂರಕ್ಕೆ ಇದು, ಬಂಡೆಗಳ ನಡುವೆ ಅದು. ಮುಂದಿನ ಹಾದಿ ಕೇಳಿದೆ. "ದಂಡಿ ಹಿಡದ್ ಹೋಗಬ್ಯಾಡ್ರಿ, ಜಾಲಿ ಅದ. ನಡುಬಂಡಿ ಮ್ಯಾಲ ಹೋರಿ. ಹಸರ್ ಇದ್ದಲ್ಲಿ ಕಾಲಿಡಬ್ಯಾಡ್ರಿ." ಹೇಳಿ, ತಮ್ಮ ತೆಪ್ಪವನ್ನು ಬೆನ್ನ ಮೇಲೆ ಬೋರಲು ಹಾಕಿಕೊಂಡು, ಹುಟ್ಟನ್ನು ಹೆಗಲಿಗೆ ಅಡ್ಡ ಕೊಟ್ಟು, ಒಂದು ಬಂಡೆಯಿಂದ ಇನ್ನೊಂದಕ್ಕೆ ದಾಟಿ ತೋರಿಸಿದರು. ಹಿಂದಿನಿಂದ ನೋಡಿದರೆ ತೆಪ್ಪಕ್ಕೆ ಎರಡು ಕಾಲು ಬಂದು ನಡೆದ ಹಾಗಿತ್ತು. ಒಂದು ಸಲವೂ ಕೆಳಗೆ ಕಣ್ಣು ಹಾಯಿಸಲಿಲ್ಲ. ಮಿನೆಸೋಟಾದಲ್ಲಿ ದುಡ್ಡು ಕೊಟ್ಟು ಕಲಿತ ನಾನು ಹಿಂದೆ ಹಿಂದೆ ನಡೆದೆ.

ಹಾಸುಬಂಡೆಗಳ ಆ ಭಾಗವೇ ದಿನದ ಸಾರ. ಮಡು ಚಿಕ್ಕದು, ಬಂಡೆ ಅಗಲ. ಹತ್ತು ಸಲ ಹುಟ್ಟು ಹಾಕುವಷ್ಟರಲ್ಲಿ ಮಡು ಮುಗಿಯುತ್ತಿತ್ತು. ಪ್ರತಿ ಸಲ ಹೆಗಲಿಗೆ ಏರಿಸುವುದರಲ್ಲಿ ಅರ್ಥವಿಲ್ಲ. ಬಂಡೆಯ ಪಕ್ಕದಲ್ಲಿ ಮೊಣಕಾಲುದ್ದದ ನೀರಿನ ಸಂದಿ ಇದ್ದಲ್ಲಿ, ದೋಣಿಯ ಎರಡೂ ತುದಿಗೆ ಹಗ್ಗ ಕಟ್ಟಿ, ನಾವು ಬಂಡೆ ಮೇಲೆ ನಡೆಯುತ್ತಾ ದೋಣಿಯನ್ನು ನೀರಿನಲ್ಲೇ ನಡೆಸಿದೆವು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಜಗ್ಗಿದರೆ ಬಿಟ್ಟುಬಿಡುವ ಹಾಗೆ ಹಿಡಿದಿರಬೇಕು. ಉಸುಕು ತೆಗೆದ ಗುಂಡಿಗಳಿರುವ ಕಡೆ ನೀರಿಗೆ ಇಳಿಯಲೇಬಾರದು. ಮೊಣಕಾಲಷ್ಟು ಅಂದುಕೊಂಡು ಇಟ್ಟ ಹೆಜ್ಜೆ ಆಳೆತ್ತರ ಇಳಿಯುತ್ತದೆ. ಹುಟ್ಟಿನಿಂದ ತಡಕಿ ನೋಡಿ, ತಳ ಸಿಕ್ಕರೆ ಮಾತ್ರ ಮುಂದಕ್ಕೆ. ಲೈಫ್ ಜಾಕೆಟ್ ಹೊರುವಾಗಲೂ ಬಿಚ್ಚಲಿಲ್ಲ. ಸೆಖೆ ಆಗುತ್ತದೆ, ಆದರೆ ಹೆಗಲಿಗೆ ಮೆತ್ತಗೂ ಆಗುತ್ತದೆ.

ಊಟ ಅಲ್ಲೇ ಒಂದು ಎತ್ತರದ ಬಂಡೆ ಮೇಲೆ. ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು ತಿಂದೆವು. ಹಿರಿಯರಿಗೂ ಹೋಳಿಗೆ ಕೊಟ್ಟೆವು. "ನಿನ್ನಿ ನಮ್ಮ ಮನ್ಯಾಗೂ ಇದೇ" ಅಂತ ನಗುತ್ತಾ ತೆಗೆದುಕೊಂಡರು.

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಚಳಿಗಾಲದ ಗಾಳಿ ಮೂಡಣದ್ದು. ನದಿ ಇಲ್ಲಿ ಹೋಗುವುದೂ ಹೆಚ್ಚುಕಮ್ಮಿ ಅತ್ತಲೇ. ಹಾಗಾಗಿ ಗಾಳಿ ನೇರ ಮುಖಕ್ಕೆ. ಉದ್ದದ ಮಡುವಿನಲ್ಲಿ ಅಲೆ ಎದ್ದು ದೋಣಿಯ ಮೂತಿ ಅತ್ತಿತ್ತ ಓಲಾಡತೊಡಗಿತು. ಇಂಥ ಹೊತ್ತಿನಲ್ಲಿ ಬೆನ್ನುಚೀಲವನ್ನು ಚೂರು ಮುಂದಕ್ಕೆ ಸರಿಸಬೇಕು. ಮೂತಿ ಭಾರವಾದರೆ ದೋಣಿ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಮಂಡಿಯೂರಿ ಕೂತರೆ ದೋಣಿ ಹೊಯ್ದಾಡುವುದೂ ಕಮ್ಮಿ. ನಡುನೀರು ಬಿಟ್ಟು, ಎತ್ತರದ ದಂಡೆಯ ಮರೆ ಹಿಡಿದು ಹೋದೆವು. ದೂರ ಜಾಸ್ತಿ ಆಯಿತು, ಹೊತ್ತು ಕಮ್ಮಿ ಹಿಡಿಯಿತು. ಅಳಿಯನ ಕೈ ಸೋತಿತ್ತು. ಅವನು ಬಾಯಿಬಿಟ್ಟು ಹೇಳಲಿಲ್ಲ, ಹುಟ್ಟು ಹೇಳುತ್ತಿತ್ತು.

ಟಂಟಂ ಹೇಳಿದ ಜಾಗಕ್ಕೆ ಬಂದಿತ್ತು. ದೋಣಿಯನ್ನು ಬೋರಲು ಹಾಕಿ, ನಡುವೆ ಎರಡು ಕಡೆ, ತುದಿಗಳಿಗೆ ಒಂದೊಂದು ಕಟ್ಟು ಬಿಗಿದೆವು. ಹಿಂದೆ ಚಾಚಿಕೊಂಡ ತುದಿಗೆ ಕೆಂಪು ಟವೆಲ್ಲು. ಉದ್ದದ ಸಾಮಾನು ಅಂತ ಡ್ರೈವರ್ ಇನ್ನೂರು ರೂಪಾಯಿ ಜಾಸ್ತಿ ಕೇಳಿದ, ಕೊಟ್ಟೆ. ಕೆಳಗೆ ಗುರುಸಣಗಿ ಬ್ಯಾರೇಜ್ ಹಿನ್ನೀರಿನವರೆಗೆ ಹೋಗಬೇಕೆಂದಿದ್ದೇನೆ, ನೀರು ಎಲ್ಲಿಯ ತನಕ ನಿಲ್ಲುತ್ತದೆ ಅಂತ ಅವನನ್ನೇ ಕೇಳಿದೆ. ಅವನು ದಂಡೆಯ ಊರಿನವನು.

"ಸಂಕ್ರಾಂತಿ ಒಳಗ ಬರ್ರಿ ಅಣ್ಣಾ. ಶಿವರಾತ್ರಿಗಿ ಬಂದ್ರ ದೋಣಿ ತರಬ್ಯಾಡ್ರಿ, ಬುತ್ತಿ ಅಷ್ಟೇ ತರ್ರಿ."

ಕುರ್ಚಿಯ ಮೇಲೆ ಆರಾಮಾಗಿ ಕೂತು ಸ್ಪೀಕರ್ ಹಚ್ಚಿದ್ದ ಅಳಿಯ, ಸಂಕ್ರಾಂತಿಗೆ ತನಗೆ ರಜೆ ಇಲ್ಲ ಅಂದ.